ಗಾಡಿಯಿಲ್ಲದವರು ತೆರುವ ತೆರಿಗೆ

(ಭರಮಸಾಗರದ ಓರ್ವ ವಿದ್ಯಾರ್ಥಿನಿ, ಅಂತಿಮ ಬಿ.ಎ.)

ಪೆಟ್ರೋಲು ಮತ್ತು ಡೀಸೆಲ್‌ಗಳ ಮೇಲಿನ ತೆರಿಗೆಯ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಕಾಲೇಜಿನ ಅಂಗಳದಲ್ಲಿ ಕೇಳಿಬರುವ ಮಾತು ಒಂದೇ: "ಮೋಟಾರು ಇಟ್ಟುಕೊಂಡವರು ಕಟ್ಟಲಿ, ನಮಗೇನು?" ಹೀಗೆ ಹೇಳುವವರಲ್ಲಿ ಬಹುಮಂದಿ ನನ್ನಂತೆಯೇ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿಯೇ ಮರಳತಕ್ಕವರು. ತಮ್ಮ ಹೆಸರಿನಲ್ಲಿ ಒಂದು ಸೈಕಲ್ಲು ಕೂಡ ಇಲ್ಲದವರು. ಅವರ ಈ ನಿಶ್ಚಿಂತೆಗೆ ಆಧಾರವೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ರೋಲಿನ ತೆರಿಗೆಯನ್ನು ಹೆಚ್ಚಾಗಿ ಗಾಡಿಯುಳ್ಳವರು ಕಟ್ಟುತ್ತಾರೆ. ಡೀಸೆಲಿನ ತೆರಿಗೆಯನ್ನು ಹೆಚ್ಚಾಗಿ ಗಾಡಿಯಿಲ್ಲದವರು ಕಟ್ಟುತ್ತಾರೆ. ಆದಕಾರಣ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಡೀಸೆಲನ್ನೇ ಆರಿಸಿಕೊಂಡು ಅದರ ಮೇಲೆ ಭಾರ ಹೇರುವುದಂತೂ ನ್ಯಾಯವೇ ಅಲ್ಲ.

ಮೊದಲು ಲೆಕ್ಕವನ್ನು ನೋಡೋಣ. ನಾನು ಕೊಡುವ ಅಂಕಿಗಳು 2025ರ ಏಪ್ರಿಲ್ ತಿಂಗಳವು. ದರಗಳು ಆಗಾಗ್ಗೆ ಬದಲಾಗತಕ್ಕವು. ತೆರಿಗೆಯ ಸ್ವರೂಪ ಅಷ್ಟು ಬೇಗ ಬದಲಾಗುವುದಿಲ್ಲ. ಆ ತಿಂಗಳ 1ನೆಯ ತಾರೀಖಿನಿಂದ ನಮ್ಮ ರಾಜ್ಯ ಸರಕಾರವು ಡೀಸೆಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 18.44ರಿಂದ 21.17ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿನ ಬೆಲೆ ಎರಡು ರೂಪಾಯಿ ಏರಿ 91 ರೂಪಾಯಿಯನ್ನು ಮುಟ್ಟಿತು. ಇದಾದ ಒಂದೇ ವಾರದಲ್ಲಿ ಕೇಂದ್ರ ಸರಕಾರವು ಪೆಟ್ರೋಲು ಮತ್ತು ಡೀಸೆಲ್ ಎರಡರ ಮೇಲೂ ಅಬಕಾರಿ ಸುಂಕವನ್ನು ಲೀಟರಿಗೆ ಎರಡು ರೂಪಾಯಿ ಹೆಚ್ಚಿಸಿತು. ಆ ಹೊತ್ತಿಗೆ ಹೊರದೇಶಗಳಲ್ಲಿ ಕಚ್ಚಾ ತೈಲದ ಬೆಲೆ ಇಳಿದಿದ್ದುದರಿಂದ ಪಂಪಿನ ಬೆಲೆ ಏರಲಿಲ್ಲ, ಪತ್ರಿಕೆಗಳಲ್ಲಿಯೂ ಹೆಚ್ಚು ಗದ್ದಲವಾಗಲಿಲ್ಲ. ಆದರೆ ಇಳಿಯಬಹುದಾಗಿದ್ದ ಎರಡು ರೂಪಾಯಿ ಇಳಿಯದೆ ಉಳಿಯಿತೆಂಬುದನ್ನು ನಾವು ಮರೆಯಬಾರದು. ಏರಿದ ಬೆಲೆ ಕಣ್ಣಿಗೆ ಕಾಣುತ್ತದೆ. ಇಳಿಯದ ಬೆಲೆಯನ್ನು ಯಾರು ಕಂಡಾರು?

ಹೀಗಾಗಿ ಒಂದು ಲೀಟರ್ ಡೀಸೆಲಿನಲ್ಲಿ ಕೇಂದ್ರದ ಪಾಲು 17 ರೂಪಾಯಿ 80 ಪೈಸೆ, ರಾಜ್ಯದ ಪಾಲು ಸುಮಾರು 15 ರೂಪಾಯಿ 90 ಪೈಸೆ, ಒಟ್ಟು 33 ರೂಪಾಯಿ 70 ಪೈಸೆಯ ಸಮೀಪವಾಯಿತು. ಎಂದರೆ ಬೆಲೆಯಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಇದರಲ್ಲಿ ಇನ್ನೊಂದು ಸೋಜಿಗವುಂಟು. ರಾಜ್ಯವು ತನ್ನ ಶೇಕಡಾವಾರು ತೆರಿಗೆಯನ್ನು ಹಾಕುವುದು ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ. ತೆರಿಗೆಯ ಮೇಲೆ ತೆರಿಗೆ! ಸಾಬೂನು, ಸೀರೆ, ಸಿಮೆಂಟುಗಳೆಲ್ಲವೂ 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯ ಕಟ್ಟಿಗೆ ಬಂದುವು. ಪೆಟ್ರೋಲು ಡೀಸೆಲ್‌ಗಳು ಮಾತ್ರ ಹೊರಗುಳಿದುವು. ನಮ್ಮ ರಾಜ್ಯದಲ್ಲಿ ಇವಕ್ಕೆ ತೆರಿಗೆ ಹಾಕುವ ಕಾನೂನು 1957ರ ಮಾರಾಟ ತೆರಿಗೆ ಕಾಯಿದೆ. ಹೆಚ್ಚುಕಡಿಮೆ ನಮ್ಮಜ್ಜಿಯ ಓರಗೆಯದು. ಅಜ್ಜಿಗೆ ಮಂಡಿನೋವು ಬಂದಿದೆ, ಕಾಯಿದೆ ಗಟ್ಟಿಮುಟ್ಟಾಗಿದೆ.

ಈ ವಿಷಯದಲ್ಲಿ ಯಾವ ಪಕ್ಷವನ್ನೂ ದೂರುವುದು ನನ್ನ ಉದ್ದೇಶವಲ್ಲ. ದೂರಹೊರಟರೆ ಯಾರೊಬ್ಬರೂ ಉಳಿಯುವುದಿಲ್ಲ. ರಾಜ್ಯದಲ್ಲಿ ಡೀಸೆಲಿನ ಮಾರಾಟ ತೆರಿಗೆ 2020ರ ಏಪ್ರಿಲಿನಲ್ಲಿ ಶೇಕಡಾ 21ರಿಂದ 24ಕ್ಕೆ ಏರಿತು. 2021ರ ನವೆಂಬರಿನಲ್ಲಿ 14.34ಕ್ಕೆ ಇಳಿಯಿತು, 2024ರ ಜೂನ್ 15ರಂದು 18.44ಕ್ಕೆ ಏರಿತು, ಆ ಮೇಲೆ 21.17. ಕೇಂದ್ರವು 2020ರಲ್ಲಿ, ತೈಲದ ಬೆಲೆ ಜಗತ್ತಿನಲ್ಲೆಲ್ಲ ಕುಸಿದಿದ್ದಾಗ, ಮಾರ್ಚಿನಲ್ಲಿ ಮೂರು ರೂಪಾಯಿ, ಮೇ ತಿಂಗಳಲ್ಲಿ ಹದಿಮೂರು ರೂಪಾಯಿ ಸುಂಕವನ್ನು ಡೀಸೆಲಿಗೆ ಸೇರಿಸಿತು; 2021ರ ನವೆಂಬರಿನಲ್ಲಿ ಹತ್ತು, 2022ರ ಮೇ ತಿಂಗಳಲ್ಲಿ ಆರು ರೂಪಾಯಿ ಇಳಿಸಿತು. ಏರಿಸಿದವರೂ ಉಂಟು, ಇಳಿಸಿದವರೂ ಉಂಟು.

ಆದರೆ 2025ರ ಏಪ್ರಿಲಿನ ರಾಜ್ಯದ ನಿರ್ಧಾರದಲ್ಲಿ ನನ್ನ ಗಮನವನ್ನು ಸೆಳೆದ ಸಂಗತಿ ಬೇರೆ. ಆ ದಿನ ಏರಿದ್ದು ಡೀಸೆಲಿನ ತೆರಿಗೆ ಮಾತ್ರ. ಪೆಟ್ರೋಲಿನದು ಇದ್ದಂತೆಯೇ ಶೇಕಡಾ 29.84 ಆಗಿ ಉಳಿಯಿತು. ಪೆಟ್ರೋಲಿನ ದರ ಆಗಲೇ ಹೆಚ್ಚಾಗಿತ್ತೆಂಬುದು ನಿಜ. ಆದರೂ ಇದಕ್ಕೆ ಇನ್ನೊಂದು ಕಾರಣವಿರಬಹುದೆಂದು ನನಗೆ ತೋರುತ್ತದೆ. ಪೆಟ್ರೋಲಿನ ಬೆಲೆ ಒಂದು ರೂಪಾಯಿ ಏರಿದರೂ ಬೈಕು ಇಟ್ಟುಕೊಂಡ ಪ್ರತಿಯೊಬ್ಬನಿಗೂ ಆ ದಿನವೇ ತಿಳಿಯುತ್ತದೆ. ಅವನು ಪಂಪಿನ ಮುಂದೆ ನಿಂತು ಸರಕಾರವನ್ನು ಬೈಯುತ್ತಾನೆ. ಡೀಸೆಲ್ ಏರಿದರೆ ನಮ್ಮವ್ವನಿಗೆ ತಿಳಿಯುವುದೇ ಇಲ್ಲ. ಆಕೆ ಪಂಪಿನ ಮುಂದೆ ನಿಂತವಳೇ ಅಲ್ಲ. ತಿಂಗಳೆರಡು ತಿಂಗಳಾದ ಮೇಲೆ ಸಂತೆಯಲ್ಲಿ ಟೊಮೇಟೊ, ಅಂಗಡಿಯಲ್ಲಿ ಬೇಳೆ, ಹೊಲದಲ್ಲಿ ಟ್ರ್ಯಾಕ್ಟರಿನ ಬಾಡಿಗೆ ಏರಿದಾಗ ಆಕೆ ಅಂಗಡಿಯವನನ್ನೂ ಟ್ರ್ಯಾಕ್ಟರಿನವನನ್ನೂ ಬೈಯುತ್ತಾಳೆ.

ಈ ತೆರಿಗೆ ಒಂದು ಸಂಸಾರದೊಳಕ್ಕೆ ಹೇಗೆ ಬರುತ್ತದೆಂಬುದನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ನಮ್ಮೂರು ಭರಮಸಾಗರವು ಚಿತ್ರದುರ್ಗ ಮತ್ತು ದಾವಣಗೆರೆಗಳ ನಡುವೆ ಹೆದ್ದಾರಿಯ ಮಗ್ಗುಲಲ್ಲಿದೆ. ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳು ಹರಿಯುತ್ತವೆ. ಊರಿನ ಬಹುಪಾಲು ಜಮೀನು ಮಳೆಯನ್ನು ನಂಬಿದ್ದು. ಮೆಕ್ಕೆಜೋಳ, ಈರುಳ್ಳಿ, ರಾಗಿ, ನೀರಿದ್ದವರಿಗೆ ಅಡಿಕೆ. ನಮ್ಮದು ಎರಡೆಕರೆ ಖುಷ್ಕಿ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಎತ್ತುಗಳನ್ನು ಮಾರಿದರು. ಮೇವಿಗೂ ಆಳಿಗೂ ಆಗುವ ಖರ್ಚಿನ ಮುಂದೆ ಟ್ರ್ಯಾಕ್ಟರಿನ ಬಾಡಿಗೆಯೇ ಕಡಿಮೆಯೆಂದು ತೋರಿತು. ಈಗ ಉಳುಮೆ, ಹರಗುವುದು, ಬಿತ್ತನೆ, ಗೊಬ್ಬರ ಸಾಗಿಸುವುದು, ಕೊನೆಗೆ ತೆನೆ ಒಕ್ಕುವ ಮಿಷನ್ನು, ಎಲ್ಲವೂ ಗಂಟೆಯ ಲೆಕ್ಕ. ಟ್ರ್ಯಾಕ್ಟರು ಗಂಟೆಗೆ ನಾಲ್ಕು ಲೀಟರ್ ಕುಡಿಯುತ್ತದೆಂದೂ ಒಂದು ಎಕರೆಗೆ ವರ್ಷಕ್ಕೆ ಎಲ್ಲ ಸೇರಿ ಐದು ಗಂಟೆಯ ಕೆಲಸವೆಂದೂ ಹಿಡಿಯೋಣ. ಇದು ನಮ್ಮ ಹೊಲದ ಅಂದಾಜು. ಮಣ್ಣನ್ನೂ ಯಂತ್ರವನ್ನೂ ಅನುಸರಿಸಿ ಹೆಚ್ಚುಕಡಿಮೆಯಾದೀತು. ಇಪ್ಪತ್ತು ಲೀಟರಿನಲ್ಲಿ ತೆರಿಗೆಯೇ 670 ರೂಪಾಯಿಯ ಮೇಲಾಯಿತು. ಎರಡೆಕರೆಗೆ 1,350 ರೂಪಾಯಿಯ ಸಮೀಪ. ಅಪ್ಪನ ಹೆಸರಿನಲ್ಲಿ ಮೋಟಾರು ವಾಹನವೇ ಇಲ್ಲ. ಆದರೂ ಅವರು ವರ್ಷಕ್ಕೆ ನಲವತ್ತು ಲೀಟರ್ ಡೀಸೆಲಿನ ತೆರಿಗೆಯನ್ನು, ತಮಗೆ ಅರಿವಿಲ್ಲದೆ, ಎರಡು ಸರಕಾರಗಳಿಗೂ ಸಲ್ಲಿಸುತ್ತಿದ್ದಾರೆ. ಮೋಟಾರಿನವರು ಕಟ್ಟಲಿ ಎನ್ನುವ ಗೆಳತಿಯರಿಗೆ ನನ್ನ ಉತ್ತರ ಇಷ್ಟೆ.

ಬಾಡಿಗೆಯ ವಿಷಯದಲ್ಲಿ ಇನ್ನೂ ಒಂದು ಮಾತು. 2021ರ ನವೆಂಬರಿನಲ್ಲಿ ಕೇಂದ್ರ ಹತ್ತು, ರಾಜ್ಯ ಏಳು ರೂಪಾಯಿ ಇಳಿಸಿ ಡೀಸೆಲಿನ ಬೆಲೆ ಒಂದೇ ಏಟಿಗೆ ಹದಿನೇಳು ರೂಪಾಯಿಗೂ ಮಿಕ್ಕಿ ತಗ್ಗಿತಷ್ಟೆ. ನಮ್ಮ ಕೇರಿಯಲ್ಲಿ ಆಗ ಟ್ರ್ಯಾಕ್ಟರಿನ ಬಾಡಿಗೆ ಇಳಿದುದನ್ನು ನಾನು ಕಾಣೆ. ಇದಕ್ಕೆ ಟ್ರ್ಯಾಕ್ಟರಿನವನ ದುರಾಸೆಯೊಂದೇ ಕಾರಣವಲ್ಲ; ಅವನಿಗೂ ಸಾಲದ ಕಂತು ಉಂಟು, ಟಯರಿನ ಬೆಲೆ ಉಂಟು. ಏರುವಾಗ ಡೀಸೆಲ್ ಎಲ್ಲವನ್ನೂ ತನ್ನೊಡನೆ ಏರಿಸಿಕೊಂಡು ಹೋಗುತ್ತದೆ. ಇಳಿಯುವಾಗ ತಾನೊಂದೇ ಇಳಿಯುತ್ತದೆ. ಆದಕಾರಣ "ಮುಂದೆ ಇಳಿಸೋಣ" ಎಂದುಕೊಂಡು ಈಗ ಏರಿಸುವುದು ಡೀಸೆಲಿನ ಮಟ್ಟಿಗೆ ಹುಸಿಯಾದ ಸಮಾಧಾನ.

ಇನ್ನು ಈರುಳ್ಳಿಯ ಕಥೆ. ಲಾರಿ ಬಾಡಿಗೆ ಹೆಚ್ಚಿದರೆ ಕೊಳ್ಳುವವರಿಗೆ ಬೆಲೆ ಹೆಚ್ಚುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಅರ್ಧ ಸತ್ಯ. ನಮ್ಮ ಜಿಲ್ಲೆಯ ಈರುಳ್ಳಿ ಬೆಂಗಳೂರಿನ ಯಶವಂತಪುರದ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಯ ಬೆಲೆಯನ್ನು ನಿರ್ಧರಿಸುವುದು ಆ ದಿನ ಬಂದಿಳಿದ ಮಾಲಿನ ರಾಶಿಯೇ ಹೊರತು ನಮ್ಮ ಖರ್ಚಲ್ಲ. ಹರಾಜು ಮುಗಿದ ಮೇಲೆ ಮಂಡಿಯವರು ಕೊಡುವ ಪಟ್ಟಿಯಲ್ಲಿ ಲಾರಿ ಬಾಡಿಗೆ, ಹಮಾಲಿ, ಕಮಿಷನ್ ಎಂದು ಕಳೆದು ಮಿಕ್ಕದ್ದನ್ನು ಬರೆದಿರುತ್ತಾರೆ. ತೆರಿಗೆ ಎಂಬ ಸಾಲು ಆ ಪಟ್ಟಿಯಲ್ಲಿ ಇರುವುದಿಲ್ಲ. ಬಾಡಿಗೆಯ ಹೊಟ್ಟೆಯೊಳಗೆ ಅದು ಅಡಗಿದೆ. ನಮ್ಮೂರಿನಿಂದ ಬೆಂಗಳೂರು ಸುಮಾರು 220 ಕಿಲೋಮೀಟರು. ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರು ಓಡಿದರೆ ಹೋಗುವುದಕ್ಕೆ 55 ಲೀಟರು. ಅದರಲ್ಲಿ ತೆರಿಗೆ 1,850 ರೂಪಾಯಿಯಷ್ಟು. ಮುನ್ನೂರು ಚೀಲದ ಲೋಡಾದರೆ ಚೀಲಕ್ಕೆ ಆರು ರೂಪಾಯಿ. ಮರಳುವಾಗ ಲಾರಿ ಖಾಲಿ ಬಂದರೆ ಹನ್ನೆರಡು. "ಐವತ್ತು ಕಿಲೋದ ಚೀಲಕ್ಕೆ ಹನ್ನೆರಡು ರೂಪಾಯಿ ಒಂದು ದೊಡ್ಡ ಮಾತೇ?" ಎಂದು ಯಾರಾದರೂ ಕೇಳಬಹುದು. ಬೆಲೆ ಚೆನ್ನಾಗಿರುವ ವರ್ಷ ದೊಡ್ಡದಲ್ಲ. ಬೆಲೆ ಬಿದ್ದು, ಕೊಯ್ಲಿನ ಕೂಲಿಯೂ ಹುಟ್ಟದೆ, ಈರುಳ್ಳಿಯನ್ನು ಹೊಲದಲ್ಲಿಯೇ ಬಿಟ್ಟು ಕುರಿ ಮೇಯಿಸುವ ವರ್ಷಗಳನ್ನು ಕಂಡವರಿಗೆ ಆ ಹನ್ನೆರಡು ರೂಪಾಯಿಯ ತೂಕ ಗೊತ್ತು. ಬೆಲೆ ಬಿದ್ದಾಗ ಮಂಡಿ ತನ್ನ ಕಮಿಷನ್ನನ್ನೂ ಶೇಕಡಾವಾರು ಇಳಿಸಿಕೊಳ್ಳುತ್ತದೆ. ಡೀಸೆಲಿನ ತೆರಿಗೆ ಮಾತ್ರ ಈರುಳ್ಳಿಯ ಬೆಲೆಯ ಮುಖ ನೋಡುವುದಿಲ್ಲ.

ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಗುಯಿಲಾಳಿನಲ್ಲಿ, ಉತ್ತರಕ್ಕೆ ಹೆಬ್ಬಾಳಿನಲ್ಲಿ ಟೋಲು ಕಟ್ಟಬೇಕು. ಡೀಸೆಲಿನ ಸುಂಕದೊಳಗೆ ರಸ್ತೆಯ ಹೆಸರಿನ ಸೆಸ್ಸು ಲೀಟರಿಗೆ ಎರಡು ರೂಪಾಯಿ ಬೇರೆ. ಒಂದೇ ರಸ್ತೆಗೆ ಎರಡು ಸಲ. 2025ರ ಏಪ್ರಿಲ್ ನಡುವಿನಲ್ಲಿ ಲಾರಿ ಮಾಲೀಕರು ಈ ಎರಡನ್ನೂ ಮುಂದಿಟ್ಟುಕೊಂಡು ಮುಷ್ಕರ ಹೂಡಿದರು, ಕೆಲವೇ ದಿನಗಳಲ್ಲಿ ಕೈಬಿಟ್ಟರು. ಲಾರಿಯವರಿಗಾದರೂ ಸಂಘವಿದೆ. ಚೀಲಕ್ಕೆ ಹನ್ನೆರಡು ರೂಪಾಯಿ ಕಳೆದುಕೊಂಡವನಿಗೆ ಸಂಘವೆಲ್ಲಿ?

ಈಗ ಪ್ರತಿಪಕ್ಷದ ವಾದವನ್ನು ಕೇಳಬೇಕು. ಅದು ಬಲವಾದದ್ದು, ನನ್ನ ಬದುಕನ್ನೇ ಮುಟ್ಟುವಂಥದು. ನಾನು ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು, ನಾನು ಬಿ.ಎ.ಗೆ ಸೇರಿದ್ದೂ ಅದೇ ವರ್ಷ. ಮೂರು ವರ್ಷ ಭರಮಸಾಗರದಿಂದ ದುರ್ಗಕ್ಕೆ ಶೂನ್ಯ ಮೊತ್ತದ ಟಿಕೆಟ್ಟಿನಲ್ಲಿ ಓಡಾಡಿದ್ದೇನೆ. ಅವ್ವನಿಗೆ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುತ್ತದೆ. ಕಂತು ತಡವಾದ ತಿಂಗಳುಗಳೂ ಉಂಟು, ಆದರೂ ಬರುತ್ತದೆ. ನಾವು ಕುಳಿತು ಪಾಠ ಕೇಳುವ ಬೆಂಚು, ಗ್ರಂಥಾಲಯದ ಪುಸ್ತಕ, ಅಧ್ಯಾಪಕರ ಸಂಬಳ, ಇವೆಲ್ಲ ತೆರಿಗೆಯ ಹಣದಿಂದಲೇ. ಐದು ಗ್ಯಾರಂಟಿಗಳಿಗೆ 2024-25ರ ಆಯವ್ಯಯದಲ್ಲಿ ತೆಗೆದಿಟ್ಟದ್ದು ಸುಮಾರು 52,000 ಕೋಟಿ ರೂಪಾಯಿ. ಅಷ್ಟು ಹಣ ಎಲ್ಲಿಂದ ಬರಬೇಕು? ತೆರಿಗೆಯೇ ಬೇಡವೆನ್ನುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ನಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಂಡರೂ ಸರಕಾರ ಡೀಸೆಲಿನಲ್ಲಿ ಕಿತ್ತುಕೊಂಡದ್ದಕ್ಕಿಂತ ಅವ್ವನ ಕೈಗೆ ಕೊಟ್ಟದ್ದೇ ಹೆಚ್ಚು.

ಆದರೆ ನನ್ನ ಪ್ರಶ್ನೆ ಎಷ್ಟು ಕೊಟ್ಟರೆಂಬುದಲ್ಲ, ಯಾರಿಂದ ತೆಗೆದು ಕೊಟ್ಟರೆಂಬುದು. ಬಸ್ಸಿನ ಸಂಗತಿಯನ್ನೇ ನೋಡಿರಿ. ಸಾರಿಗೆ ನಿಗಮವು ಸರಕಾರದ್ದು; ಅದು ಕೊಳ್ಳುವ ಡೀಸೆಲಿಗೂ ಸರಕಾರ ತೆರಿಗೆ ಹಾಕುತ್ತದೆ. 2024ರ ಜೂನಿನಲ್ಲಿ ತೆರಿಗೆ ಏರಿತು. 2025ರ ಜನವರಿ 5ರಿಂದ ಬಸ್ಸಿನ ದರ ಶೇಕಡಾ 15 ಏರಿತು. ಕಾರಣಗಳಲ್ಲಿ ಮೊದಲನೆಯದು ಡೀಸೆಲಿನ ಖರ್ಚು. ನನಗೆ ಟಿಕೆಟ್ಟು ಇಲ್ಲ. ದಾವಣಗೆರೆಗೆ ಕೂಲಿಗೆ ಹೋಗುವ ಅಣ್ಣ ಏರಿದ ದರ ಕೊಟ್ಟ. ನನ್ನ ಪ್ರಯಾಣದ ಒಂದು ಪಾಲನ್ನು ಅಣ್ಣನೇ ಹೊತ್ತಂತಾಯಿತು. ಇದಲ್ಲದೆ ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ ಸಲ್ಲುತ್ತದೆ. ನಮ್ಮ ಕಡೆಯ ಒಳಹಳ್ಳಿಗಳಿಗೆ ದಿನಕ್ಕೆ ಒಂದೆರಡು ಸರಕಾರಿ ಬಸ್ಸು ಬಂದರೆ ಪುಣ್ಯ. ಉಳಿದ ಹೊತ್ತು ಖಾಸಗಿ ಬಸ್ಸು, ಇಲ್ಲವೆ ಹತ್ತು ಜನರನ್ನು ತುಂಬಿಕೊಳ್ಳುವ ಆಟೋ. ಆ ಹಳ್ಳಿಗಳ ಹೆಣ್ಣುಮಗಳು ಶೂನ್ಯ ಟಿಕೆಟ್ಟಿನ ಬಸ್ಸನ್ನು ಹಿಡಿಯುವುದಕ್ಕೆ ಹೆದ್ದಾರಿಗೆ ಬರಬೇಕಾದರೆ ಮೊದಲು ಡೀಸೆಲಿನ ತೆರಿಗೆ ಸೇರಿದ ಬಾಡಿಗೆಯನ್ನು ಕೊಟ್ಟೇ ಬರಬೇಕು.

"ನೆರೆರಾಜ್ಯಗಳಿಗಿಂತ ನಮ್ಮಲ್ಲಿ ಇನ್ನೂ ಕಡಿಮೆ" ಎಂಬುದು ಸರಕಾರದ ಇನ್ನೊಂದು ಸಮರ್ಥನೆ. ಏರಿಕೆಯ ದಿನ ಕೊಟ್ಟ ಅಂಕಿಗಳಂತೆ ಲೀಟರಿಗೆ ಹೊಸೂರಿನಲ್ಲಿ 94.42, ಕಾಸರಗೋಡಿನಲ್ಲಿ 95.66, ಅನಂತಪುರದಲ್ಲಿ 97.35 ರೂಪಾಯಿ. ಇದು ನಿಜವೇ. ಆದರೆ ಅಪ್ಪನ ಆದಾಯವನ್ನು ಅನಂತಪುರದ ಡೀಸೆಲಿನೊಡನೆ ಹೋಲಿಸುವುದೇಕೆ? ಹೋಲಿಸಬೇಕಾದದ್ದು ಹೋದ ವರ್ಷ ಮೆಕ್ಕೆಜೋಳಕ್ಕೆ ಬಂದ ಬೆಲೆಯೊಡನೆ. ರಾಜ್ಯವನ್ನು ಈ ದಾರಿಗೆ ನೂಕುವಲ್ಲಿ ಕೇಂದ್ರದ ಪಾಲೂ ಇದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಕೇಂದ್ರದ 17 ರೂಪಾಯಿ 80 ಪೈಸೆಯಲ್ಲಿ ಮೂಲ ಸುಂಕ 1 ರೂಪಾಯಿ 80 ಪೈಸೆ ಮಾತ್ರ. ಉಳಿದ ಹದಿನಾರು ರೂಪಾಯಿ ವಿಶೇಷ ಸುಂಕ ಮತ್ತು ಸೆಸ್ಸುಗಳು. ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕವನ್ನಷ್ಟೆ. 15ನೆಯ ಹಣಕಾಸು ಆಯೋಗ ಹೇಳಿದ ಶೇಕಡಾ 41ರ ಲೆಕ್ಕದಲ್ಲಿ ಲೀಟರಿಗೆ ಎಲ್ಲ ರಾಜ್ಯಗಳಿಗೂ ಸೇರಿ 74 ಪೈಸೆ. ಹದಿನೇಳು ರೂಪಾಯಿ ಎಣಿಸಿ ಒಯ್ದು ಎಪ್ಪತ್ತನಾಲ್ಕು ಪೈಸೆ ಹಂಚುವ ಈ ಉಪಾಯವನ್ನು ಕಂಡುಹಿಡಿದವರ ಜಾಣತನಕ್ಕೆ ತಲೆದೂಗಬೇಕು.

ಅಡಿಗೆ ಅನಿಲದ ಮಾತನ್ನು ನಾನು ಇಲ್ಲಿ ಬೆಳೆಸುವುದಿಲ್ಲ. 2025ರ ಏಪ್ರಿಲಿನಲ್ಲಿ ಸಿಲಿಂಡರಿಗೆ ಐವತ್ತು ರೂಪಾಯಿ ಏರಿದಾಗ ನಮ್ಮಜ್ಜಿ ಬಚ್ಚಲ ಒಲೆಯ ಜೊತೆಗೆ ಹಿತ್ತಿಲ ಒಲೆಗೂ ಮೆಕ್ಕೆಜೋಳದ ಬೆಂಡು ಹಾಕತೊಡಗಿದಳು. ಆ ಹೊಗೆ ಎಲ್ಲರಿಗೂ ಕಾಣುವಂಥದು. ಡೀಸೆಲಿನದು ಕಾಣದ ಹೊಗೆ.

ತೆರಿಗೆ ಕಾಣಬೇಕೆಂಬುದಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ನಮ್ಮೂರಿನ ಕೆರೆಯೂ ಹೆಸರೂ ದುರ್ಗದ ಭರಮಣ್ಣ ನಾಯಕನ ಕಾಲದವು. ಅವನೂ ಕಂದಾಯ ಎತ್ತಿಯೇ ಇದ್ದಾನು. ಆದರೆ ಕಂದಾಯ ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬುದು ಗೊತ್ತಿತ್ತು, ಎದುರಿಗೆ ಕೆರೆಯೂ ಕಾಣುತ್ತಿತ್ತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರಲ್ಲ, ಆ ಉಪ್ಪಿನ ಸುಂಕವೂ ತಲೆಗೆ ಲೆಕ್ಕ ಹಾಕಿದರೆ ಅಲ್ಪವೇ. ಬಡವನ ಗಂಜಿಯೊಳಗೆ ಕಾಣದಂತೆ ಕರಗಿ ಬರುತ್ತಿತ್ತೆಂಬುದೇ ಅದರ ಮೇಲಿನ ಸಿಟ್ಟಿಗೆ ಕಾರಣವಾಯಿತು. ಇಂದಿನ ಸರಕಾರ ಪರಕೀಯರದಲ್ಲ, ನಾವೇ ಮತ ಕೊಟ್ಟು ಕೂರಿಸಿದ್ದು. ಎರಡನ್ನೂ ಸಮೀಕರಿಸುವಷ್ಟು ಅವಿವೇಕ ನನಗಿಲ್ಲ. ಆದರೆ ಮತ ಕೊಡುವವರಿಗೆ ತಾವು ಏನು ತೆರುತ್ತಿದ್ದೇವೆಂಬುದು ಆಗಿನವರಿಗಿಂತ ಹೆಚ್ಚಾಗಿ ತಿಳಿದಿರಬೇಡವೇ?

ಪರಿಹಾರವೇನು? ಡೀಸೆಲನ್ನು ಜಿ.ಎಸ್.ಟಿ.ಗೆ ಸೇರಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಹಲವರು ಹೇಳುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಲಖನೌದಲ್ಲಿ ಸೇರಿದ ಮಂಡಳಿಯ ಸಭೆಯಲ್ಲಿ ಈ ಮಾತು ಬಂದು, ಇದು ಸಮಯವಲ್ಲವೆಂದು ನಿಂತುಹೋಯಿತು. ನನಗೂ ಇದರಲ್ಲಿ ಪೂರ್ಣ ನಂಬಿಕೆಯಿಲ್ಲ. ಕೊಂಡ ಡೀಸೆಲಿನ ತೆರಿಗೆಯನ್ನು ವಜಾ ಹಾಕಿಕೊಳ್ಳುವ ಅನುಕೂಲ ಕಾರ್ಖಾನೆಗೂ ದೊಡ್ಡ ಸಾಗಾಣಿಕೆದಾರರಿಗೂ ದೊರೆತೀತು. ನೋಂದಣಿಯಿಲ್ಲದ ಎರಡೆಕರೆಯವನಿಗೆ ದೊರೆಯದು. ರಾಜ್ಯದ ಕೈಯಲ್ಲಿ ಉಳಿದಿರುವ ಕೆಲವೇ ತೆರಿಗೆಗಳಲ್ಲಿ ಒಂದು ದೆಹಲಿಗೆ ಹೋಗುತ್ತದೆ, ಅಷ್ಟೆ.

ಹಿಂದೆ ಒಮ್ಮೆ ರಾಜ್ಯವೇ ಈ ಭಾರವನ್ನು ಒಪ್ಪಿಕೊಂಡಿತ್ತು. 2022-23ರ ಆಯವ್ಯಯದಲ್ಲಿ "ರೈತ ಶಕ್ತಿ" ಎಂಬ ಹೆಸರಿನಲ್ಲಿ ಡೀಸೆಲಿನ ಸಹಾಯಧನವಾಗಿ ಎಕರೆಗೆ 250 ರೂಪಾಯಿಯಂತೆ ಐದೆಕರೆಯವರೆಗೆ ಕೊಡುವುದಾಗಿ ಘೋಷಿಸಿತು. ನಾನು ಮೇಲೆ ಹಾಕಿದ 670 ರೂಪಾಯಿಯ ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಅದೂ ಪಹಣಿಯಲ್ಲಿ ಹೆಸರುಳ್ಳವರಿಗೆ. ಕೋರಿಗೆ, ಲಾವಣಿಗೆ ಮಾಡುವವರಿಗೆ ಏನೂ ಇಲ್ಲ. ಕರಾವಳಿಯ ಮೀನುಗಾರರ ಯಾಂತ್ರಿಕ ದೋಣಿಗಳಿಗೆ ನಮ್ಮ ರಾಜ್ಯವು ವರ್ಷಗಳಿಂದ ಮಾರಾಟ ತೆರಿಗೆಯಿಲ್ಲದ ಡೀಸೆಲನ್ನು ಒಂದು ಮಿತಿಯವರೆಗೆ ಕೊಡುತ್ತ ಬಂದಿದೆ, ಒಳ್ಳೆಯ ಕೆಲಸ. ಆದರೆ ಟ್ರ್ಯಾಕ್ಟರುಗಳಿಗೂ ಹಾಗೆಯೇ ಕೊಡಿರೆಂದರೆ ಅಗ್ಗದ ಡೀಸೆಲ್ ಯಾರ ಯಾರ ಟ್ಯಾಂಕು ಸೇರೀತೆಂಬುದನ್ನು, ನ್ಯಾಯಬೆಲೆಯ ಸೀಮೆಎಣ್ಣೆಯ ಗತಿಯನ್ನು ಕಂಡ ನಾವು ಊಹಿಸಬಹುದು.

ಆದಕಾರಣ ನನ್ನ ಸಲಹೆಗಳು ಸರಳವಾದುವು. ಪಂಪಿನಲ್ಲಿ ಕೊಡುವ ಚೀಟಿಯಲ್ಲಿ ಕೇಂದ್ರದ ಸುಂಕವೆಷ್ಟು, ರಾಜ್ಯದ ತೆರಿಗೆಯೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಕನ್ನಡದಲ್ಲಿ ಅಚ್ಚು ಮಾಡಲಿ. ಬಟ್ಟೆಯಂಗಡಿಯ ಬಿಲ್ಲಿನಲ್ಲಿ ಆಗುವುದು ಇಲ್ಲಿ ಆಗದೆಂಬ ನೆವ ಬೇಡ. ರಾಜ್ಯದ ತೆರಿಗೆ ಶೇಕಡಾವಾರು ಇರುವ ಬದಲು ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಲ್ಲಲಿ. ಆಗ ಎಲ್ಲಿಯೋ ಯುದ್ಧವಾಗಿ ತೈಲ ಏರಿದಾಗ ತೆರಿಗೆಯೂ ತಾನೇ ತಾನಾಗಿ ಏರುವುದು ತಪ್ಪುತ್ತದೆ. ಮತ್ತು ಡೀಸೆಲಿನ ದರ 2021ರ ನವೆಂಬರಿನ ಶೇಕಡಾ 14.34ರ ಮಟ್ಟಕ್ಕೆ ಮರಳಲಿ. ಅದರಿಂದಾಗುವ ಕೊರತೆಯನ್ನು ದುಬಾರಿ ಕಾರುಗಳ ತೆರಿಗೆಯಿಂದಲೂ, ಸಾಲದೆ ಬಂದರೆ ಪೆಟ್ರೋಲಿನಿಂದಲೂ ತುಂಬಿಕೊಳ್ಳಲಿ. ಪೆಟ್ರೋಲು ಏರಿದರೆ ಬೈಕುಳ್ಳ ನನ್ನ ಸಹಪಾಠಿಗಳು ನನ್ನನ್ನು ಬೈದಾರು. ಬೈಯಲಿ, ಅವರಿಗೆ ತಾವು ತೆರುತ್ತಿರುವುದು ಗೊತ್ತಿದೆ, ಬೈಯುವುದಕ್ಕೆ ಪಂಪಿನ ಮುಂದೆ ನಿಲ್ಲುವ ಜಾಗವೂ ಇದೆ.